ಮರದ ಘಮ, ಮೈಯ ಬಿಸುಪು

ಆ ಬಾಟಲಿಯನ್ನು ನಾನು ಸುಮಾರು ಆರು ತಿಂಗಳು ಡ್ರಾಯರ್ ಒಳಗೆ ತಳ್ಳಿಬಿಟ್ಟಿದ್ದೆ. ಅವಸರದಲ್ಲಿ ಕೊಂಡ ಪರ್ಫ್ಯೂಮ್ ಅದು. ಅಂಗಡಿಯಲ್ಲಿ ಬಿಳಿ ಕಾಗದದ ಪಟ್ಟಿಗೆ ಸಿಂಪಡಿಸಿ ಮೂಗಿನ ಹತ್ತಿರ ಹಿಡಿದಾಗ ಹಿತವಾಗಿತ್ತು. ಮನೆಗೆ ಬಂದು ಮಣಿಕಟ್ಟಿಗೆ ಹಾಕಿಕೊಂಡೆ. ಮೊದಲು ಹುಳಿ ಹುಳಿ. ಆಮೇಲೆ ಒಣಗಿದ ಸೌದೆಯಂಥ ಘಾಟು. ಹೂವಿನ ಸುಳಿವಿಲ್ಲ, ಸಿಹಿಯೂ ಇಲ್ಲ. ಇದು ನನಗಲ್ಲ ಅಂದುಕೊಂಡು ಕೈ ತೊಳೆದುಬಿಟ್ಟೆ.

ಅದನ್ನು ಹೊರಗೆ ತೆಗೆದವನು ನನ್ನ ತಮ್ಮ. ಕೆಲವು ವಾರ ನನ್ನ ಜೊತೆ ಇರಲು ಬಂದಿದ್ದ. ಒಂದು ಬೆಳಿಗ್ಗೆ ಡ್ರಾಯರ್‌ನಲ್ಲಿ ಏನೋ ಹುಡುಕುತ್ತಾ ಬಾಟಲಿ ಕೈಗೆ ತಗೊಂಡ.

"ಅಕ್ಕಾ, ಇದು ಹುಡುಗೀರ್ದಾ?"

"ಗೊತ್ತಿಲ್ಲ ಕಣೋ. ಡಬ್ಬಿ ಮೇಲೆ ಏನೂ ಬರೆದಿಲ್ಲ. ಬೇಕಾದ್ರೆ ಹಾಕ್ಕೋ."

ಕತ್ತಿನ ಹತ್ತಿರ ಎರಡು ಸಲ ಒತ್ತಿಕೊಂಡು ಹೋದ. ರಾತ್ರಿ ವಾಪಸ್ ಬಂದು ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಮಡಿಸಿಡೋಣ ಅಂತ ನಾನು ಅದನ್ನು ಎತ್ತಿಕೊಂಡೆ. ಕಾಲರ್‌ನಿಂದ ಒಂದು ಘಮ ಬಂತು. ಬೆಚ್ಚಗಿನ, ಒಣಗಿದ, ಸ್ವಲ್ಪ ಹಾಲಿನಂಥ ಘಮ. ಬಿಸಿಲಿಗೆ ಕಾದ ಮರದ ಬಾಗಿಲಿಗೆ ಕೆನ್ನೆ ಇಟ್ಟ ಹಾಗಿತ್ತು. ನಾನು ಸ್ವೆಟರ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಏನೋ ಇದು? ಯಾವ ಸೆಂಟು?"

"ನಿಂದೇ ಅಲ್ವೇನಕ್ಕಾ. ಬೆಳಿಗ್ಗೆ ಹಾಕ್ಕೊಂಡಿದ್ದು."

ಅದೇ ಬಾಟಲಿ. ಅರ್ಧ ಗಂಟೆಯಲ್ಲಿ ನಾನು ಬೇಡ ಅಂದಿದ್ದು ಹನ್ನೆರಡು ಗಂಟೆ ಕಳೆದ ಮೇಲೆ ಈ ರೂಪಕ್ಕೆ ಬಂದಿತ್ತು. ಅವತ್ತಿನಿಂದ ಈ ಜಾತಿಯ ಘಮಗಳ ಮೇಲೆ ನನಗೆ ಹಿಡಿದ ಆಸೆ ಇನ್ನೂ ಬಿಟ್ಟಿಲ್ಲ. ಓದಿದ್ದೇನೆ, ಮೂಸಿದ್ದೇನೆ, ಮಣಿಕಟ್ಟಿಗೆ ಹಾಕಿಕೊಂಡು ಗಡಿಯಾರ ನೋಡುತ್ತಾ ಕೂತಿದ್ದೇನೆ. ಗಂಡಸರದು, ಹೆಂಗಸರದು ಅಂತ ಗುರುತು ಹಚ್ಚದೆ ಯಾರು ಬೇಕಾದರೂ ಹಾಕಿಕೊಳ್ಳಲಿ ಅಂತ ಮಾಡಿದ, ಮರದ ಬೆಚ್ಚನೆ ಗುಣದ ಸುಗಂಧದಲ್ಲಿ ಏನಿದೆ ಅಂತ ಬರೆಯಬೇಕು ಅನ್ನಿಸುತ್ತಲೇ ಇತ್ತು.

ಅದು ಮೈಮೇಲೆ ಹೇಗೆ ನಡೆಯುತ್ತದೆ ಅನ್ನುವುದರಿಂದ ಶುರು ಮಾಡುತ್ತೇನೆ. ಮೊದಲ ಹತ್ತು ನಿಮಿಷ ಕಾಣಿಸುವುದು ಮರ ಅಲ್ಲ. ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ, ಒಂದು ಚೂರು ಏಲಕ್ಕಿ, ಅದರ ಹಿಂದೆ ಆಲ್ಕೋಹಾಲ್ ಚುಚ್ಚು. ಅರ್ಧ ಗಂಟೆಗೆ ಹುಳಿ ಇಳಿಯುತ್ತದೆ. ಆಗ ಒಣ ಮರ ಎದ್ದು ಬರುತ್ತದೆ. ಪೆನ್ಸಿಲ್ ಚೂಪು ಮಾಡಿದ ಮೇಲೆ ಮೆಂಡರ್ ಬಿಚ್ಚಿ ಒಳಗಿನ ಸುರುಳಿ ಕೊಡವಿದರೆ ಬರುತ್ತದಲ್ಲ, ಆ ವಾಸನೆ. ನಾನು ಕೈ ತೊಳೆದುಕೊಂಡಿದ್ದು ಸರಿಯಾಗಿ ಈ ಹಂತದಲ್ಲಿ. ಇನ್ನೊಂದು ಗಂಟೆ ಬಿಟ್ಟಿದ್ದರೆ ಅದರ ಅಂಚು ಮೆತ್ತಗಾಗುತ್ತಿತ್ತು. ಪೆನ್ಸಿಲ್ ಹೋಗಿ ಗಂಧ ಬರುತ್ತದೆ. ಗಂಧದ ಕೆಳಗೆ ರಾಳದ ಸಿಹಿ. ಮೂರನೇ ಗಂಟೆ ಹೊತ್ತಿಗೆ ಯಾವುದು ಯಾವುದು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಮಣಿಕಟ್ಟು ಮೂಗಿಗೆ ತಾಗಿಸಿದರೆ ಚರ್ಮದ್ದೋ ಪರ್ಫ್ಯೂಮಿನದೋ ಗೊತ್ತಾಗದ ಒಂದು ಹಿತವಾದ ಬಿಸುಪು. ಅಲ್ಲಿಂದ ಮುಂದೆ ಅದು ಹಾಗೇ ಇರುತ್ತದೆ, ಗಂಟೆಗಟ್ಟಲೆ.

ಇದೆಲ್ಲ ಬರೀ ಭಾವನೆಯ ಮಾತಲ್ಲ. ಸಿಪ್ಪೆಯ ಹುಳಿಘಮ ಬೇಗ ಹೋಗುವುದಕ್ಕೂ ಮರದ ಘಮ ನಿಲ್ಲುವುದಕ್ಕೂ ತೂಕವೇ ಕಾರಣ. ನಿಂಬೆ, ಕಿತ್ತಳೆ ಸಿಪ್ಪೆಗಳಲ್ಲಿ ಜಾಸ್ತಿ ಇರುವುದು ಲಿಮೊನೀನ್. ಅದರ ಒಂದು ಅಣುವಿನಲ್ಲಿ 10 ಇಂಗಾಲದ ಪರಮಾಣುಗಳು. ಹಗುರ, ಹಾಗಾಗಿ ಸುಲಭವಾಗಿ ಹಾರಿಹೋಗುತ್ತದೆ. ಗಂಧದೆಣ್ಣೆಯ ಸ್ಯಾಂಟಲಾಲ್‌ನಲ್ಲಿ 15 ಇಂಗಾಲ, ಜೊತೆಗೆ ಒಂದು ಆಮ್ಲಜನಕ. ಭಾರ ಜಾಸ್ತಿ, ಅಂಟಿಕೊಳ್ಳುವ ಗುಣವೂ ಜಾಸ್ತಿ. ಅದು ಮೈಬಿಟ್ಟು ಏಳಲು ಗಂಟೆಗಳು ಬೇಕು. ಅದಕ್ಕೇ ಪರ್ಫ್ಯೂಮ್ ಮಾಡುವವರು ಸಿಪ್ಪೆಯನ್ನು ಮೇಲೆ ಇಡುತ್ತಾರೆ, ಮರವನ್ನು ತಳದಲ್ಲಿ. ತಂಬೂರಿಯ ಶ್ರುತಿ ಹಾಗೆ. ಹಾಡು ಮೇಲೆ ಓಡಾಡುತ್ತಿರುತ್ತದೆ, ಕೆಳಗೆ ಶ್ರುತಿ ನಿಂತೇ ಇರುತ್ತದೆ. ಹೆಚ್ಚಿನ ಸುಗಂಧಗಳಲ್ಲಿ ಹೂವೋ ಹಣ್ಣೋ ಹಾಡುತ್ತದೆ, ಮರ ಶ್ರುತಿ ಹಿಡಿಯುತ್ತದೆ. ನಾನು ಹೇಳುತ್ತಿರುವ ಜಾತಿಯಲ್ಲಿ ಶ್ರುತಿಯನ್ನೇ ಕೂತು ಕೇಳಬೇಕು.

ಮರ ಅನ್ನುವುದು ಒಂದೇ ವಾಸನೆಯಲ್ಲ. ಇದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು.

ಸೀಡರ್ ಅಂತ ಬಾಟಲಿಯ ಮೇಲೆ ಬರೆದಿದ್ದರೆ ಅದು ಬೇರೆ ಬೇರೆ ಮರ ಇರಬಹುದು. ವರ್ಜೀನಿಯಾ ಸೀಡರ್ ಅನ್ನುವುದು ನಿಜವಾಗಿ ಜುನಿಪರ್ ಕುಟುಂಬದ್ದು. ಪೆನ್ಸಿಲ್ ವಾಸನೆ ಅಂತ ನಮಗೆ ಗೊತ್ತಿರುವುದು ಅದರದ್ದೇ, ಯಾಕೆಂದರೆ ಹಿಂದೆ ಪೆನ್ಸಿಲ್ ಮಾಡುತ್ತಿದ್ದದ್ದು ಆ ಮರದಿಂದ. ಎಣ್ಣೆಯನ್ನು ಮರ ಕೊಯ್ದ ಮೇಲೆ ಉಳಿಯುವ ಚಕ್ಕೆ, ಹೊಟ್ಟಿನಿಂದ ಬಟ್ಟಿ ಇಳಿಸುತ್ತಾರೆ. ಮೊರಾಕ್ಕೋದ ಬೆಟ್ಟಗಳಲ್ಲಿ ಬೆಳೆಯುವ ಅಟ್ಲಾಸ್ ಸೀಡರ್ ನಿಜವಾದ ದೇವದಾರು ಜಾತಿಯದು. ಅದು ಅಷ್ಟು ಒಣ ಅಲ್ಲ. ಒಂದಿಷ್ಟು ಸಿಹಿ, ಒಂದಿಷ್ಟು ಮೃಗದ ಮೈಯಂಥ ಕಂಪು ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂಸಿದರೆ ಮೊದಲನೆಯದು ಬೆಳಗಿನದು, ಎರಡನೆಯದು ಸಂಜೆಯದು ಅನ್ನಿಸುತ್ತದೆ.

ಗಂಧದ ಕಥೆಯೇ ಬೇರೆ. ಶ್ರೀಗಂಧದ ಮರದ ಹೂವಿಗೆ ಆ ಘಮ ಇಲ್ಲ, ಎಲೆಗೂ ಇಲ್ಲ. ಕಾಂಡದ ಹೊರಗಿನ ಬಿಳಿ ಮರಕ್ಕೂ ಹೆಚ್ಚುಕಡಿಮೆ ವಾಸನೆ ಇಲ್ಲ. ಎಣ್ಣೆ ಕೂರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದೂ ಮರಕ್ಕೆ ವಯಸ್ಸಾಗುತ್ತಾ ಹೋದ ಹಾಗೆ. ಈ ಮರ ಪಕ್ಕದ ಗಿಡಮರಗಳ ಬೇರಿಗೆ ತನ್ನ ಬೇರು ಅಂಟಿಸಿ ಸ್ವಲ್ಪ ಆಹಾರ ಹೀರಿಕೊಂಡು ಬದುಕುತ್ತದೆ. ಒಂಟಿಯಾಗಿ ನೆಟ್ಟರೆ ಸರಿಯಾಗಿ ಬೆಳೆಯುವುದಿಲ್ಲ. ಚೇಗು ಬಲಿಯಲು ದಶಕಗಳೇ ಬೇಕು. ಬಲಿತ ಮೇಲೆ ತೆಗೆದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಪ್ರಮಾಣದಲ್ಲಿ ಬೀಟಾ ಕಡಿಮೆ, ಆದರೆ ಆ ಹಾಲಿನಂಥ, ಬೆಣ್ಣೆಯಂಥ ಗುಣದ ದೊಡ್ಡ ಪಾಲು ಅದರದ್ದು. ಅತ್ತರ್ ಮಾಡುವವರು ಹೂವಿನ ಆವಿಯನ್ನು ಇಳಿಸುತ್ತಿದ್ದದ್ದು ಗಂಧದೆಣ್ಣೆಯ ಒಳಕ್ಕೇ. ಗುಲಾಬಿಯೋ ಮಲ್ಲಿಗೆಯೋ ಅದರಲ್ಲಿ ಸೇರಿಕೊಂಡು ನಿಂತುಬಿಡುತ್ತದೆ. ಬೇರೆಯವರ ಘಮವನ್ನು ಹೊತ್ತುಕೊಳ್ಳುವ ತಾಳ್ಮೆ ಆ ಎಣ್ಣೆಗಿದೆ.

ಅಷ್ಟು ಬೇಡಿಕೆಗೆ ಮರ ಸಾಲಲಿಲ್ಲ. ಶ್ರೀಗಂಧ ಇವತ್ತು ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾದಲ್ಲಿ ದೊಡ್ಡ ತೋಟಗಳು ಬಂದಿವೆ. ಅದರ ಜೊತೆಗೆ ಗಂಧದ ಹಾಗೆ ಮೂಗಿಗೆ ತಟ್ಟುವ ಅಣುಗಳನ್ನು ರಸಾಯನ ಶಾಸ್ತ್ರಜ್ಞರು ಕಟ್ಟಿದ್ದಾರೆ. ಸ್ಯಾಂಡಲೋರ್, ಪಾಲಿಸ್ಯಾಂಟಾಲ್, ಜಾವನಾಲ್ ಅಂತೆಲ್ಲ ಹೆಸರು. ಪ್ರಯೋಗಾಲಯದಲ್ಲಿ ಮಾಡಿದ್ದು ಅಂದ ತಕ್ಷಣ ಮುಖ ಸಿಂಡರಿಸುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಮರ ಕಾಡಿನಲ್ಲೇ ಉಳಿಯುತ್ತದೆ ಅಂದರೆ ಆ ಅಣುವಿನ ಬಗ್ಗೆ ನನಗೆ ಗೌರವವೇ.

ಸ್ಯಾಂಡಲೋರ್ ಬಗ್ಗೆ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದಿದಾಗ ನನಗೆ ಮೈ ಜುಂ ಅಂದಿತ್ತು. ವಾಸನೆ ಹಿಡಿಯುವ ಗ್ರಾಹಕಗಳು, ಅಂದರೆ ರಿಸೆಪ್ಟರ್‌ಗಳು, ಮೂಗಿನಲ್ಲಿ ಮಾತ್ರ ಇಲ್ಲ. ನಮ್ಮ ಚರ್ಮದ ಕೋಶಗಳಲ್ಲೂ ಕೆಲವು ಇವೆ. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಹಾನ್ಸ್ ಹಾಟ್ ಅವರ ತಂಡ 2014ರಲ್ಲಿ ಅಂಥ ಒಂದು ಗ್ರಾಹಕದ ಬಗ್ಗೆ ಬರೆಯಿತು. ಸ್ಯಾಂಡಲೋರ್ ತಾಗಿದಾಗ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಕೋಶಗಳು ಜಾಸ್ತಿ ಹುಟ್ಟಿದವು, ಗೀರಿದ ಜಾಗವನ್ನು ಬೇಗ ಮುಚ್ಚಿದವು. ಇದರಿಂದ ಪರ್ಫ್ಯೂಮ್ ಗಾಯಕ್ಕೆ ಮದ್ದು ಅಂತ ಯಾರೂ ತಿಳಿಯಬಾರದು. ಹಾಗೆ ಬಳಸುವುದಕ್ಕಲ್ಲ ಅದು. ಆದರೆ ಗಂಧದಂಥ ಘಮದ ಒಂದು ಅಣುವನ್ನು ಚರ್ಮವೂ ಗುರುತಿಸುತ್ತದೆ ಅನ್ನುವುದೇ ಎಂಥ ಸಂಗತಿ ಅಲ್ವಾ!

ಇನ್ನು ಕೆಲವು 'ಮರ'ಗಳು ಮರವೇ ಅಲ್ಲ. ಲಾವಂಚ ಹುಲ್ಲಿನ ಬೇರು. ಮಳೆ ಬಿದ್ದ ಮಣ್ಣು, ಹೊಗೆ, ಒಂದು ಕಹಿ ಹಸಿರು, ಎಲ್ಲ ಅದರಲ್ಲಿದೆ. ಹೈಟಿ ದೇಶದ ಲಾವಂಚ ಸ್ವಚ್ಛವಾಗಿರುತ್ತದೆ, ಜಾವಾದ್ದರಲ್ಲಿ ಹೊಗೆ ಜಾಸ್ತಿ. ಪಚೋಲಿ ಅನ್ನುವುದು ಒಂದು ಗಿಡದ ಎಲೆ. ಎಲೆಯನ್ನು ಕಿತ್ತು ಒಣಗಿಸಿ ಇಟ್ಟು ಆಮೇಲೆ ಬಟ್ಟಿ ಇಳಿಸುತ್ತಾರೆ. ಹಳೆಯದಾದಷ್ಟೂ ಎಣ್ಣೆ ದುಂಡಗಾಗುತ್ತದೆ. 19ನೇ ಶತಮಾನದಲ್ಲಿ ಯುರೋಪಿಗೆ ಹೋಗುತ್ತಿದ್ದ ಕಾಶ್ಮೀರದ ಶಾಲುಗಳ ಮಡಿಕೆಯಲ್ಲಿ ಹುಳ ಹಿಡಿಯದಿರಲಿ ಅಂತ ಪಚೋಲಿ ಎಲೆ ಇಡುತ್ತಿದ್ದರು. ಅಲ್ಲಿಯವರಿಗೆ ಶಾಲಿನಷ್ಟೇ ಆ ವಾಸನೆಯೂ ಹಿಡಿಸಿಬಿಟ್ಟಿತು. ಹುಳ ಓಡಿಸಲು ಇಟ್ಟ ಎಲೆ ಸುಗಂಧದ ಸಾಮಾನಾಗಿಹೋಯಿತು.

ಅಗರು ಬಗ್ಗೆ ಹೇಳುವಾಗ ನನ್ನ ದನಿ ತಾನೇ ಇಳಿಯುತ್ತದೆ. ಔದ್ ಅಂತ ಬಾಟಲಿಗಳ ಮೇಲೆ ಬರೆಯುತ್ತಾರಲ್ಲ, ಅದೇ. ಅಕ್ವಿಲೇರಿಯಾ ಅನ್ನುವ ಮರ ಆರೋಗ್ಯವಾಗಿದ್ದರೆ ಅದರ ಕಟ್ಟಿಗೆ ಬಿಳಿಚಿಕೊಂಡು ಹಗುರವಾಗಿರುತ್ತದೆ, ಹೇಳಿಕೊಳ್ಳುವಂಥ ವಾಸನೆ ಇಲ್ಲ. ಗಾಯವಾಗಿ ಶಿಲೀಂಧ್ರ ಒಳಗೆ ಹೊಕ್ಕರೆ ಮರ ತನ್ನನ್ನು ಉಳಿಸಿಕೊಳ್ಳಲು ಕಪ್ಪು ರಾಳ ಸುರಿಸುತ್ತದೆ. ಆ ರಾಳ ತುಂಬಿದ ತುಂಡೇ ಅಗರು. ತೊಗಲು, ಹೊಗೆ, ಜೇನು, ಕೊಟ್ಟಿಗೆ, ಔಷಧಿ ಅಂಗಡಿ, ಎಲ್ಲವೂ ಒಟ್ಟಿಗೆ ಮೂಗಿಗೆ ಬರುತ್ತದೆ. ಕಾಡಿನ ಮರಗಳನ್ನು ಈ ಆಸೆಗೆ ಎಷ್ಟು ಕಡಿದಿದ್ದಾರೆಂದರೆ ಇವತ್ತು ಅಕ್ವಿಲೇರಿಯಾ ಜಾತಿಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಇದೆ. ಮಾಮೂಲಿ ಬಾಟಲಿಯ ಔದ್ ಬಹುಪಾಲು ಪ್ರಯೋಗಾಲಯದ ಜೋಡಣೆ.

ಇಷ್ಟೆಲ್ಲ ಇದ್ದರೂ ಇವತ್ತಿನ ಮರದ ಸುಗಂಧಕ್ಕೆ ಈ ಸ್ವರೂಪ ಕೊಟ್ಟಿದ್ದು ಇವು ಯಾವುವೂ ಅಲ್ಲ. ಐಸೊ ಈ ಸೂಪರ್ ಅಂತ ಒಂದು ಪದಾರ್ಥ ಇದೆ. ಹೆಸರು ಇಂಧನದ್ದೋ ಸಾಬೂನಿನದ್ದೋ ಇದ್ದ ಹಾಗಿದೆ. 1970ರ ದಶಕದಲ್ಲಿ ಅಮೆರಿಕದ ಐಎಫ್‌ಎಫ್ ಕಂಪನಿಯ ಪ್ರಯೋಗಾಲಯದಿಂದ ಬಂತು. ಅದನ್ನು ಒಂದೇ ಆಗಿ ಮೂಸಿದರೆ ಮೊದಲಿಗೆ ಏನೂ ಇಲ್ಲ ಅನ್ನಿಸುತ್ತದೆ. ಒಂದು ನಿಮಿಷ ಬಿಟ್ಟರೆ ಸೀಡರ್‌ನ ನೆರಳಿನಂಥದ್ದು, ಮಖಮಲ್ಲಿನಂಥದ್ದು ಸುಳಿಯುತ್ತದೆ. ಹಿಡಿಯೋಣ ಅಂದರೆ ಮಾಯ. ಮತ್ತೆ ಬರುತ್ತದೆ. ಹಳೆಯ ಮರದೆಣ್ಣೆಗಳು ಗಟ್ಟಿ, ಭಾರ, ಕತ್ತಲು. ಈ ಪದಾರ್ಥ ಅವುಗಳ ನಡುವೆ ಗಾಳಿ ಆಡಿಸಿತು. ಮರ ಹಗುರಾಯಿತು, ಬೇಸಿಗೆಯಲ್ಲೂ ಹಾಕಿಕೊಳ್ಳುವ ಹಾಗಾಯಿತು. 2006ರಲ್ಲಿ ಗೇಜಾ ಶೋನ್ ಎಂಬ ಪರ್ಫ್ಯೂಮರ್ ಬೇರೆ ಯಾವ ಘಮವನ್ನೂ ಸೇರಿಸದೆ ಅದೊಂದನ್ನೇ ಬಾಟಲಿಗೆ ತುಂಬಿ ಮಾಲೆಕ್ಯೂಲ್ 01 ಅಂತ ಹೊರತಂದರು. ಜನ ಮುಗಿಬಿದ್ದು ಕೊಂಡರು. ಹಾಕಿಕೊಂಡವರಿಗೆ ತಮ್ಮ ಮೈಮೇಲಿನದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಕೂತವರು ತಿರುಗಿ ನೋಡುತ್ತಾರೆ. ಕೆಲವರಿಗಂತೂ ಅದರ ವಾಸನೆ ತಿಳಿಯುವುದೇ ಇಲ್ಲ. ಮನುಷ್ಯರ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ, ಒಬ್ಬರಿಗೂ ಇನ್ನೊಬ್ಬರಿಗೂ ಅವುಗಳಲ್ಲಿ ವ್ಯತ್ಯಾಸ ಇದೆ. ಒಂದೇ ಬಾಟಲಿ ಇಬ್ಬರ ಮೂಗಿಗೆ ಒಂದೇ ಅಲ್ಲ.

ಬಿಸುಪು ಎಲ್ಲಿಂದ ಬರುತ್ತದೆ? ಮರ ಒಂದೇ ಇದ್ದರೆ ಒಣಗಿರುತ್ತದೆ, ಕೆಲವು ಸಲ ತಣ್ಣಗೂ ಇರುತ್ತದೆ. ಲಾವಂಚ ಮೂಸಿ ನೋಡಿ, ತಂಪು. ಬೆಚ್ಚಗೆ ಮಾಡುವುದು ರಾಳಗಳು. ಅಂಬರ್ ಅಂತ ಸುಗಂಧದವರು ಕರೆಯುವುದು ಆಭರಣಕ್ಕೆ ಬಳಸುವ ಹಳದಿ ಕಲ್ಲನ್ನಲ್ಲ, ಹಲವು ಪದಾರ್ಥಗಳ ಒಂದು ಕೂಟವನ್ನು. ಲ್ಯಾಬ್ಡನಮ್, ಸಾಂಬ್ರಾಣಿ ಜಾತಿಯ ಬೆಂಜಾಯಿನ್ ಮತ್ತು ವೆನಿಲಾ ಅದರಲ್ಲಿ ಮುಖ್ಯ. ಲ್ಯಾಬ್ಡನಮ್ ಅನ್ನುವುದು ಮೆಡಿಟರೇನಿಯನ್ ಕಡೆಯ ಸಿಸ್ಟಸ್ ಪೊದೆಯ ಎಲೆಗಳ ಅಂಟು. ಕ್ರೀಟ್ ದ್ವೀಪದಲ್ಲಿ ಹಿಂದೆ ಆ ಪೊದೆಗಳ ನಡುವೆ ಮೇಯ್ದು ಬಂದ ಆಡುಗಳ ಗಡ್ಡ ಬಾಚಿ ಅಂಟು ತೆಗೆಯುತ್ತಿದ್ದರು. ಟೊಂಕಾ ಬೀಜದಿಂದ ಕೂಮರಿನ್ ಬರುತ್ತದೆ. ಹೊಸದಾಗಿ ಕೊಯ್ದು ಒಣಗಿಸಿದ ಹುಲ್ಲು, ಬಾದಾಮಿ, ತಂಬಾಕು ನೆನಪಾಗುವ ವಾಸನೆ. ಅದನ್ನು 1868ರಲ್ಲಿ ವಿಲಿಯಂ ಪರ್ಕಿನ್ ಪ್ರಯೋಗಾಲಯದಲ್ಲಿ ಮಾಡಿದರು. ವೆನಿಲಾದ ಘಮ ಕೊಡುವ ವೆನಿಲಿನ್ 1874ರಲ್ಲಿ ಬಂತು. ಮರದ ಒಣತನಕ್ಕೆ ಇವುಗಳ ಸಿಹಿ ತಾಗಿದರೆ ಬಿಸಿಲು ಬಿದ್ದ ಹಾಗಾಗುತ್ತದೆ. ಹದ ಮುಖ್ಯ. ಸಿಹಿ ಒಂದು ಹನಿ ಜಾಸ್ತಿಯಾದರೆ ಮರ ಹೋಗಿ ಮಿಠಾಯಿ ಆಗುತ್ತದೆ. ನನ್ನ ಪ್ರೀತಿಯ ಬಾಟಲಿಗಳಲ್ಲಿ ಸಿಹಿ ಇದೆ ಅಂತ ಹೇಳಲಾಗದಷ್ಟು ಇರುತ್ತದೆ, ಇಲ್ಲ ಅಂತಲೂ ಹೇಳಲಾಗುವುದಿಲ್ಲ.

ನಿಜವಾದ ಶಾಖ ಕೊಡುವುದು ಮೈ. ಮಣಿಕಟ್ಟು, ಕತ್ತು, ಮೊಣಕೈ ಒಳಗಡೆ ಹಾಕಿಕೊಳ್ಳಿ ಅಂತ ಹೇಳುವುದು ಅದಕ್ಕೇ. ಭಾರವಾದ ಅಣುಗಳನ್ನು ನಿಧಾನಕ್ಕೆ ಎಬ್ಬಿಸುವುದಕ್ಕೆ ಆ ಶಾಖ ಸಾಕು. ಕಾಗದದ ಪಟ್ಟಿಗೆ ಶಾಖ ಇಲ್ಲ, ಜಿಡ್ಡಿಲ್ಲ, ಬೆವರಿಲ್ಲ. ಅಂಗಡಿಯ ಆ ಪಟ್ಟಿ ನನಗೆ ಮೊದಲ ಐದು ನಿಮಿಷವನ್ನು ಮಾತ್ರ ತೋರಿಸಿತ್ತು. ಮರದ ಸುಗಂಧ ಕೊಳ್ಳುವವರಿಗೆ ನಾನು ಹೇಳುವುದು ಒಂದೇ. ಒಂದು ಕೈಗೆ ಹಾಕಿಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಕೆಲಸ ಮಾಡಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಮೂಸಿ. ಆಗಲೂ ಇಷ್ಟವಾದರೆ ಮರುದಿನ ಹೋಗಿ ತಗೊಳ್ಳಿ.

ತಮ್ಮ ಕೇಳಿದ ಪ್ರಶ್ನೆಗೆ ಬರುತ್ತೇನೆ. ಹುಡುಗೀರ್ದಾ?

ಘಮಕ್ಕೆ ಗಂಡು ಹೆಣ್ಣು ಅಂತ ಗೋಡೆ ಕಟ್ಟಿದ್ದು ಹಳೆಯ ಕಥೆಯೇನಲ್ಲ. 18ನೇ ಶತಮಾನದ ಶುರುವಿನಲ್ಲಿ ಜರ್ಮನಿಯ ಕೊಲೋನ್ ಪಟ್ಟಣದಲ್ಲಿ ಯೋಹಾನ್ ಮರಿಯಾ ಫರೀನಾ ಮಾಡಿದ ಸುಗಂಧಕ್ಕೆ ಆ ಊರಿನಿಂದಲೇ ಕೊಲೋನ್ ಎಂಬ ಹೆಸರು ಬಂತು. ಸಿಪ್ಪೆಗಳ ಆ ತಿಳಿಘಮವನ್ನು ಗಂಡಸರೂ ಹೆಂಗಸರೂ ಬಳಸಿದರು. 1889ರಲ್ಲಿ ಎಮೆ ಗೆರ್ಲಾನ್ ಮಾಡಿದ ಜಿಕಿ ಎಂಬ ಸುಗಂಧದಲ್ಲಿ ಲ್ಯಾವೆಂಡರ್ ಕೆಳಗೆ ಕೂಮರಿನ್, ವೆನಿಲಿನ್ ಇದ್ದವು. ಅದನ್ನೂ ಇಬ್ಬರೂ ಹಾಕಿಕೊಂಡರು. ಆಮೇಲೆ ಅಂಗಡಿಯ ಕಪಾಟು ಎರಡು ಪಾಲಾಯಿತು. ಹೂವು, ಹಣ್ಣು, ಸಿಹಿ ಒಂದು ಕಡೆ. ಮರ, ಪಾಚಿ, ತೊಗಲು ಇನ್ನೊಂದು ಕಡೆ. ಮರವನ್ನು ಗಂಡಸರ ಪಾಲಿಗೆ ಬರೆದುಕೊಟ್ಟ ಹಾಗಾಯಿತು. ಹೆಂಗಸರ ಬಾಟಲಿಯಲ್ಲೂ ಮರ ಇತ್ತು, ಆದರೆ ತಳದಲ್ಲಿ, ಹೂವಿನ ಕೆಳಗೆ, ಹೆಸರು ಹೇಳದೆ.

1992ರಲ್ಲಿ ಶಿಸೈಡೊ ಕಂಪನಿಗೆ ಸೆರ್ಜ್ ಲುಟಾನ್ಸ್ ಅವರ ಕಲ್ಪನೆಯಲ್ಲಿ ಬಂದ ಫೆಮಿನಿತೆ ದ್ಯು ಬುವಾ ಈ ಲೆಕ್ಕವನ್ನು ತಿರುಗಿಸಿತು. ಹೆಸರಿನ ಅರ್ಥ ಮರದ ಹೆಣ್ತನ. ಪಿಯೆರ್ ಬುರ್ದೋ ಮತ್ತು ಕ್ರಿಸ್ಟೊಫರ್ ಶೆಲ್ಡ್ರೇಕ್ ಅದನ್ನು ಕಟ್ಟಿದರು. ಹೆಂಗಸರ ಬಾಟಲಿಯ ನಡುಮನೆಯಲ್ಲಿ ಸೀಡರ್ ತಂದು ಕೂರಿಸಿದರು. ಸುತ್ತ ಪ್ಲಮ್ ಹಣ್ಣು, ಮಸಾಲೆ, ವಯಲೆಟ್ ಹೂವಿನ ಛಾಯೆ. ಎರಡು ವರ್ಷಕ್ಕೆ, 1994ರಲ್ಲಿ, ಕ್ಯಾಲ್ವಿನ್ ಕ್ಲೈನ್ ಕಂಪನಿಯ ಸಿಕೆ ಒನ್ ಬಂತು. ಇಬ್ಬರಿಗೂ ಒಂದೇ ಬಾಟಲಿ ಅಂತ ಬಹಿರಂಗವಾಗಿ ಸಾರಿದ್ದು ಅದು. ಯುನಿಸೆಕ್ಸ್ ಎಂಬ ಮಾತು ಮನೆಮನೆಗೆ ತಲುಪಿದ್ದು ಅದರಿಂದಲೇ.

ಸಿಕೆ ಒನ್ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಇಬ್ಬರಿಗೂ ಸಲ್ಲುವ ದಾರಿಯೇ ಬೇರೆ. ಹೆಣ್ಣಿನದು ಅನ್ನಿಸುವುದನ್ನು ಸ್ವಲ್ಪ ತೆಗೆದರು, ಗಂಡಿನದು ಅನ್ನಿಸುವುದನ್ನೂ ಸ್ವಲ್ಪ ತೆಗೆದರು. ಉಳಿದದ್ದು ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡ ತಿಳಿಘಮ. ಯಾರಿಗೂ ಅಡ್ಡಿಯಿಲ್ಲ. ಮರದ ಸುಗಂಧ ಹಾಗೆ ಕಳೆದು ಕಳೆದು ಬಂದದ್ದಲ್ಲ. ಅದರಲ್ಲಿ ತೂಕ ಇದೆ, ಕಹಿ ಇದೆ, ಹೊಗೆ ಇದೆ, ಹಾಲೂ ಇದೆ. ಇಷ್ಟೆಲ್ಲ ಇದ್ದೂ ಅದು ಇಬ್ಬರಿಗೂ ಒಗ್ಗುತ್ತದೆ. ನನಗೆ ತೋಚಿದ ಕಾರಣ ಇದು. ಹೂವಿನ ಘಮ ಕೇಳಿದ ಕೂಡಲೆ ಮನಸ್ಸಿಗೆ ಒಬ್ಬ ವ್ಯಕ್ತಿ ಬರುತ್ತಾರೆ, ಹೂ ಮುಡಿದವರು, ಹೂ ಕೊಟ್ಟವರು. ಮರದ ಘಮಕ್ಕೆ ಬರುವುದು ಒಂದು ಜಾಗ. ಬಾಗಿಲು, ಕಪಾಟು, ಮೆಟ್ಟಿಲು, ಮೇಜು. ಆ ಜಾಗದಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಬಾಗಿಲು ಗಂಡೋ ಹೆಣ್ಣೋ ಅಂತ ಯಾರೂ ಕೇಳುವುದಿಲ್ಲವಲ್ಲ.

ಒಂದು ಸಂಜೆ ನಾನೂ ತಮ್ಮನೂ ಪರೀಕ್ಷೆ ಮಾಡಿದೆವು. ಇಬ್ಬರೂ ಒಂದೊಂದು ಒತ್ತು, ಎಡ ಮಣಿಕಟ್ಟಿಗೆ. ಎರಡು ಗಂಟೆ ಬಿಟ್ಟು ಒಬ್ಬರ ಕೈ ಒಬ್ಬರು ಮೂಸಿದೆವು. ಅವನ ಕೈಯಲ್ಲಿ ಸೀಡರ್ ಇನ್ನೂ ನಿಂತಿತ್ತು, ಒಣಗಿ ನೆಟ್ಟಗೆ. ನನ್ನ ಕೈಯಲ್ಲಿ ಅದು ಆಗಲೇ ಗಂಧಕ್ಕೆ ಇಳಿದು ವೆನಿಲಾ ಕಡೆ ವಾಲಿತ್ತು. "ನಿಂದು ಬೇರೆ ಬಾಟಲಿ ಇದ್ದಂಗಿದೆ ಅಕ್ಕಾ" ಅಂದ. ಗಂಡು ಹೆಣ್ಣು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದ್ದಂತೆ ನನಗೆ ಕಾಣಲಿಲ್ಲ. ನನ್ನ ಗೆಳತಿಯ ಕೈಯಲ್ಲಿ ಅದು ತಮ್ಮನದ್ದರ ಹಾಗೇ ನೆಟ್ಟಗಿತ್ತು. ಅವಳ ಚರ್ಮ ಒಣಚರ್ಮ, ನನ್ನದು ಜಿಡ್ಡು.

ಒಂದು ಬೇಸರವನ್ನೂ ಹೇಳಬೇಕು. ಈಚಿನ ಬಾಟಲಿಗಳಲ್ಲಿ ಮರ ಅಂತ ಬರೆದು ಒಳಗೆ ತುಂಬುತ್ತಿರುವುದು ಬಹಳ ಸಲ ಮರವಲ್ಲ. ಬಹು ಜೋರಾದ ಕೆಲವು ಅಂಬರ್ ಜಾತಿಯ ಕೃತಕ ಅಣುಗಳಿವೆ. ಚೂರೇ ಚೂರು ಹಾಕಿದರೆ ಘಮಕ್ಕೆ ಬೆನ್ನೆಲುಬು ಬರುತ್ತದೆ. ಜಾಸ್ತಿಯಾದರೆ ಸೂಜಿ ಚುಚ್ಚಿದ ಹಾಗೆ, ಲಿಫ್ಟಿನೊಳಗೆ ಉಸಿರು ಕಟ್ಟಿದ ಹಾಗೆ. ದೂರಕ್ಕೆ ಹೋಗಲಿ, ಎರಡು ದಿನ ನಿಲ್ಲಲಿ ಅನ್ನುವ ಹಠಕ್ಕೆ ಅವನ್ನು ಸುರಿಯುತ್ತಿದ್ದಾರೆ. ಮರ ಬಾಳಿಕೆ ಬರುವುದು ಸರಿ, ಆದರೆ ಅದು ಕೂಗಿ ಕರೆಯುವುದಿಲ್ಲ. ಅದರ ಸೊಗಸು ಇರುವುದು ಒಂದು ತೋಳಳತೆಯ ಒಳಗೆ. ಯಾರಾದರೂ ಹತ್ತಿರ ಬಂದಾಗ ಮಾತ್ರ ಸಿಗಬೇಕು. ಸುಮ್ನೆ ಹಾದುಹೋಗುವವರಿಗೆ ಗಾಳಿಯಲ್ಲಿ ಏನೋ ಹಿತವಾಗಿದೆ ಅಂತ ಅನ್ನಿಸಿದರೆ ಸಾಕು.

ಹಾಕಿಕೊಂಡ ನಮಗಂತೂ ಅದು ಇಪ್ಪತ್ತು ನಿಮಿಷದಲ್ಲಿ ಮರೆಯಾಗುತ್ತದೆ. ಬದಲಾಗದೆ ಇರುವುದನ್ನು ಮೂಗು ಹೇಳುವುದು ನಿಲ್ಲಿಸಿಬಿಡುತ್ತದೆ. ಹೋಗಿಬಿಟ್ಟಿತು ಅಂತ ಮತ್ತೆ ಮತ್ತೆ ಒತ್ತಿಕೊಳ್ಳಬೇಡಿ. ಅದು ಅಲ್ಲೇ ಇರುತ್ತದೆ. ಹೊರಗೆ ಹೋಗಿ ಬಂದಾಗ, ಶಾಲು ಬಿಚ್ಚಿದಾಗ, ಮೊಣಕೈ ಮಡಚಿ ಕೂದಲು ಸರಿಮಾಡಿಕೊಂಡಾಗ ತಟ್ಟನೆ ಸಿಗುತ್ತದೆ. ಹಾಗೆ ಸಿಗುವ ಅರೆಕ್ಷಣಕ್ಕಾಗಿಯೇ ನಾನು ಇದನ್ನು ಹಾಕಿಕೊಳ್ಳುವುದು. ಕೆಲಸದ ನಡುವೆ, ಬೇರೆ ಏನನ್ನೋ ಯೋಚಿಸುತ್ತಿರುವಾಗ, ಮರದ ನೆರಳು ಒಮ್ಮೆ ಮೈಮೇಲೆ ಹಾದುಹೋದ ಹಾಗಿರುತ್ತದೆ.

ಬಟ್ಟೆಯ ಮೇಲೆ ಅದರ ಆಯುಷ್ಯ ಇನ್ನೂ ಜಾಸ್ತಿ. ಉಣ್ಣೆಗೆ ಹಿಡಿದರೆ ವಾರಗಟ್ಟಲೆ ಇರುತ್ತದೆ. ಹುಳಿ, ಏಲಕ್ಕಿ, ಪೆನ್ಸಿಲ್ ಎಲ್ಲ ಹೋಗಿ ತಳದ ಗಂಧ ಮತ್ತು ರಾಳ ಮಾತ್ರ ನೂಲಿನ ಒಳಗೆ ಉಳಿದಿರುತ್ತದೆ.

ತಮ್ಮ ವಾಪಸ್ ಹೊರಟಾಗ ಬಾಟಲಿ ಅವನ ಚೀಲಕ್ಕೆ ಹೋಯಿತು. ನಾನೇ ಹಾಕಿದೆ. ಸ್ವೆಟರ್ ನನ್ನ ಕಪಾಟಿನಲ್ಲಿ ಉಳಿಯಿತು. ಮೊನ್ನೆ ಫೋನ್ ಮಾಡಿದ್ದ.

"ಅಕ್ಕಾ, ಆ ಸೆಂಟು ಮುಗೀತಾ ಬಂತು. ಹೊಸದು ತರಿಸ್ಲಾ?"

"ತರಿಸು. ಇಬ್ಬರಿಗೂ ಒಂದೊಂದು."

"ಸ್ವೆಟರ್ ನಿನ್ನ ಹತ್ರಾನೇ ಇದೆಯಲ್ಲ, ಚಳಿ ಶುರುವಾಯ್ತು. ಕಳಿಸಿಕೊಡು."

ಕಳಿಸುತ್ತೇನೆ ಅಂದಿದ್ದೇನೆ. ಒಗೆದಿಲ್ಲ. ಇವತ್ತು ಬೆಳಿಗ್ಗೆ ಕಪಾಟಿನ ಬಾಗಿಲು ತೆಗೆದು ಕಾಲರ್ ಮೂಸಿ ನೋಡಿದೆ. ಇನ್ನೂ ಇದೆ.